ಹಸು ಮೇಯ್ದ ಅಲಂಕಾರ

ಸಂಕ್ರಾಂತಿಗೆ ಹತ್ತು ದಿನ ಇರುವಾಗ ಮಗಳು ಮೈಸೂರಿನಿಂದ ಭತ್ತದ ತೆನೆಯ ತೋರಣ ಹಿಡಿದು ಬಂದಳು. ನಾನೂರು ರೂಪಾಯಿ. ಮನೆಗೆ ‘ನ್ಯಾಚುರಲ್ ಲುಕ್’ ಇಲ್ಲವಂತೆ. ನಮ್ಮದು ಚಿಕ್ಕಯ್ಯನಛತ್ರದ ಸೀಮೆ. ಹಿತ್ತಿಲು ದಾಟಿದರೆ ಕಬಿನಿ ನಾಲೆಯ ಗದ್ದೆ. ಕೊಯ್ಲು ಆಗಷ್ಟೇ ಮುಗಿದಿತ್ತು. ಅವ್ವ ತೋರಣವನ್ನು ಕೈಯಲ್ಲೇ ತೂಗಿ ನೋಡಿ, “ಒಂದು ಪಾವು ಬತ್ತ ಆಗಕಿಲ್ಲ ಕನ ಮೊಗ. ಈ ರೇಟಿಗೆ ನಿಮ್ಮಪ್ಪ ಮಾರಿದ್ರೆ ನಾವು ಮಾಡಿ ಮ್ಯಾಲೆ ಮಾಡಿ ಕಟ್ತಿದ್ದೋ” ಎಂದಳು.

ಮೂರೇ ದಿನಕ್ಕೆ ಗುಬ್ಬಿಗಳು ಕಾಳನ್ನೆಲ್ಲ ಬಿಡಿಸಿಕೊಂಡವು. ಬರೀ ಹುಲ್ಲು ನೇತಾಡುತ್ತಿತ್ತು. ಈಗ ಇನ್ನೂ ನ್ಯಾಚುರಲ್ ಆಯಿತು ಎಂದು ನಾನು ಬಾಯಿಬಿಟ್ಟು, ಮಗಳ ಹತ್ತಿರ ಬೈಸಿಕೊಂಡೆ.

ಆಮೇಲೆ ಗೋಡೆಯ ಸರದಿ. ಬಣ್ಣದಂಗಡಿಯ ಕಾರ್ಡು ಹರಡಿ, ಋತುವಿಗೊಂದು ಬಣ್ಣ ಇರಬೇಕು ಅಂದಳು. ಅವ್ವನ ಬಳಿ ಆ ಲೆಕ್ಕ ಮೊದಲೇ ಇತ್ತು: ಯುಗಾದಿಗೆ ಮಾವಿನ ಚಿಗುರಿನ ತಾಮ್ರಗೆಂಪು, ಜೊತೆಗೆ ಬೇವು. ಆಯುಧಪೂಜೆಗೆ ಚೆಂಡುಹೂವು. ಸಂಕ್ರಾಂತಿಗೆ ಸಾರಿಸಿದ ಅಂಗಳದಲ್ಲಿ ಸಗಣಿಯ ಬೆನಕ, ಅವನ ನೆತ್ತಿಗೆ ಹುಚ್ಚೆಳ್ಳಿನ ಹಳದಿ ಹೂವು. ಖರ್ಚು ಸೊನ್ನೆ. ಆದರೆ ಒಂದೂ ಬಾಳಿಕೆ ಬರುವುದಿಲ್ಲ. ನಮ್ಮೂರಿನ ಅಲಂಕಾರಕ್ಕೆಲ್ಲ ತಿನ್ನುವ ಬಾಯೊಂದು ಕಾದೇ ಇರುತ್ತದೆ. ಮಾವಿನ ಸೊಪ್ಪಿಗೆ ಪಕ್ಕದ ಮನೆ ಮೇಕೆ, ಅಕ್ಕಿಹಿಟ್ಟಿನ ರಂಗೋಲಿಗೆ ಇರುವೆ. ಇರುವೆ ತಿನ್ನಲಿ ಅಂತಲೇ ಅಕ್ಕಿಹಿಟ್ಟಿನಲ್ಲಿ ಹಾಕುವುದು ಎಂದು ಅವ್ವನ ವಾದ. ಹಾಗಾದರೆ ಮೇಕೆಗೆ ಮಾತ್ರ ಕಲ್ಲು ಬೀಸುವುದೇಕೆ ಎಂದು ಕೇಳುವ ಧೈರ್ಯ ನನಗಿಲ್ಲ.

ಹಬ್ಬದ ದಿನ ಬಾಗಿಲ ಎರಡೂ ಕಡೆ ಕಬ್ಬಿನ ಜಲ್ಲೆ, ಬಾಳೆಕಂದು ನಿಲ್ಲಿಸಿದೆ. ನಂಜನಗೂಡು ರಸಬಾಳೆಯ ಸೀಮೆಯವರು ಅಂತ ಹೇಳಿಕೊಳ್ಳುವುದೇ ಬಂತು. ಪನಾಮ ಸೊರಗು ರೋಗ ಬಡಿದ ಮೇಲೆ ಅದು ತಿನ್ನಲಿಕ್ಕೇ ಅಪರೂಪ, ಇನ್ನು ಕಂಬಕ್ಕೆ ಕಟ್ಟುವ ಮಾತೆಲ್ಲಿ! ಕಟ್ಟಿದ್ದು ಏಲಕ್ಕಿ ಬಾಳೆ.

ಮನೆಗಿಂತ ಚೆನ್ನಾಗಿ ಸಿಂಗಾರವಾಗಿದ್ದು ಮಾತ್ರ ಹಸು. ಮೈಗೆಲ್ಲ ಅರಿಶಿನ, ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡುಹೂವಿನ ಹಾರ. ಸಂಜೆ ಕಿಚ್ಚು ಹಾಯಿಸಿ ಕರೆತಂದಾಗ ಎಲ್ಲರ ಕೈಯಲ್ಲೂ ಫೋನು. ಹಗ್ಗ ಯಾರ ಕೈಯಲ್ಲೂ ಇರಲಿಲ್ಲ. ಹಸು ನೆಟ್ಟಗೆ ಬಾಗಿಲಿಗೆ ನಡೆದು ಕಬ್ಬಿನ ಗರಿ ಎಳೆಯಿತು, ಬಾಳೆ ಮುರಿಯಿತು, ಕತ್ತೆತ್ತಿ ನಾನೂರು ರೂಪಾಯಿಗೂ ನಾಲಿಗೆ ಚಾಚಿತು.

“ಅಯ್ಯೋ, ಓಡಿಸಿ ಅಪ್ಪಾ!”

“ಹಬ್ಬ ಅದರದು, ತಿನ್ಲಿ ಬುಡು ಮೊಗ,” ಅಂದಳು ಅವ್ವ.

ಅದು ನೆಮ್ಮದಿಯಾಗಿ ಅಗಿಯಿತು. ಉಳಿಸಿದ್ದು ಅಂಗಡಿಯ ಬೆಲೆಚೀಟಿಯೊಂದನ್ನೇ.