ಮರಳು ಮಜ್ಜನ

ನಮ್ಮ ಧರ್ಮಶಾಸ್ತ್ರಕಾರರು ಸ್ನಾನವನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ನೀರಿನಲ್ಲಿ ಮುಳುಗುವುದು ವಾರುಣ. ಮಂತ್ರಪೂರ್ವಕವಾಗಿ ಪ್ರೋಕ್ಷಿಸಿಕೊಳ್ಳುವುದು ಮಾಂತ್ರ. ಭಸ್ಮವನ್ನು ಧರಿಸುವುದು ಆಗ್ನೇಯ. ಗೋವುಗಳ ಗೊರಸಿನಿಂದೆದ್ದ ಧೂಳಿಗೆ ಮೈಯೊಡ್ಡುವುದು ವಾಯವ್ಯ. ಬಿಸಿಲಿರುವಾಗಲೇ ಸುರಿಯುವ ಮಳೆಯಲ್ಲಿ ನೆನೆಯುವುದು ದಿವ್ಯ. ಮೃತ್ತಿಕೆಯನ್ನು ಲೇಪಿಸಿಕೊಳ್ಳುವುದು ಭೌಮ. ಇವಾವುದಕ್ಕೂ ಶಕ್ತಿಯಿಲ್ಲದವನು ಮಲಗಿದಲ್ಲಿಯೇ ಭಗವಂತನನ್ನು ಸ್ಮರಿಸಿದರೆ ಅದು ಮಾನಸ. ಇಂಗ್ಲೆಂಡಿನ ಚಳಿಯಲ್ಲಿ ನನಗೆ ಈ ಕಡೆಯದರ ಮೇಲೆ ವಿಶೇಷವಾದ ಶ್ರದ್ಧೆ ಹುಟ್ಟಿತು. ಇಷ್ಟು ಸೂಕ್ಷ್ಮವಾಗಿ ಆಲೋಚಿಸಿದ ಆ ಮಹನೀಯರು, ಜರಡಿ ಹಿಡಿದು, ಕಾಯಿಸಿ, ಆರಿಸಿ, ಉಪ್ಪಿನಕಾಯಿಯ ಭರಣಿಯಲ್ಲಿ ತುಂಬಿಟ್ಟ ಮರಳಿನಲ್ಲಿ ಮಾಡುವ ಸ್ನಾನವೊಂದನ್ನು ಮಾತ್ರ ಹೇಳದೆ ಬಿಟ್ಟರು. ಅವರಲ್ಲಾರಿಗೂ ನನ್ನ ಭಾವಮೈದುನನಂಥ ಬಂಧುವಿರಲಿಲ್ಲವೆಂದು ತೋರುತ್ತದೆ.

ಈತನಂಥವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಲಿಗೆಂದು ಹಸುವನ್ನೂ ಕಾವಲಿಗೆಂದು ನಾಯಿಯನ್ನೂ ಸಾಕುವ ಸಾಮಾನ್ಯ ಗೃಹಸ್ಥರ ಮಾತನ್ನು ನಾನಾಡುತ್ತಿಲ್ಲ. ಪ್ರಾಣಿಯಿಂದ ತಮಗಾಗುವ ಪ್ರಯೋಜನವನ್ನು ಎಣಿಸದೆ, ತಮ್ಮಿಂದ ಪ್ರಾಣಿಗೆ ಏನು ಲೋಪವಾಯಿತೋ ಎಂದು ಅಹೋರಾತ್ರಿ ಕಳವಳಪಡುವ ಸೇವಾಧುರಂಧರರ ಮಾತು ಇದು. ಮುಂಜಾನೆ ಜಯನಗರದ ರಸ್ತೆಗಳಲ್ಲಿ ನಾಯಿ ಎಳೆದತ್ತ ಓಡುವ ನಿವೃತ್ತ ಅಧಿಕಾರಿಗಳು, ಮೀನಿನ ತೊಟ್ಟಿಯ ನೀರು ಬದಲಾಯಿಸಬೇಕೆಂದು ಧಾರೆಯ ಮುಹೂರ್ತಕ್ಕೆ ಸರಿಯಾಗಿ ಮದುವೆಮನೆಯಿಂದ ಎದ್ದುಹೋಗುವ ಮಹಾಶಯರು, ಲವ್‌ಬರ್ಡ್ಸ್‌ಗಳಿಗೆ ನಿದ್ರಾಭಂಗವಾದೀತೆಂದು ಜಗಳವನ್ನು ಕೂಡ ಪಿಸುಮಾತಿನಲ್ಲಿಯೇ ಮುಗಿಸುವ ದಂಪತಿಗಳು ಇವರೆಲ್ಲರೂ ಒಂದೇ ಗೋತ್ರದವರು. ನೀವು ಸಮುದ್ರಗಳನ್ನು ದಾಟಿ ಬಂದಿದ್ದರೂ ಪ್ರಯಾಣ ಹೇಗಾಯಿತೆಂದು ಕೇಳುವುದಕ್ಕೆ ಮೊದಲು ಕೈ ತೊಳೆಯಿರೆನ್ನುತ್ತಾರೆ. ತೊಳೆದ ಬಳಿಕ ಪ್ರಾಣಿಯ ಸಮ್ಮುಖಕ್ಕೆ ಕರೆದೊಯ್ದು, ಪ್ರಾಣಿಗೆ ನಿಮ್ಮ ಪರಿಚಯ ಮಾಡಿಕೊಡುತ್ತಾರೆ.

ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣದಲ್ಲಿ, ಭಾವಮೈದುನನ ಮನೆಯ ಹಜಾರದಲ್ಲಿ, ನನಗೂ ಹಾಗೆಯೇ ಪರಿಚಯವಾಯಿತು. ಉದ್ದನೆಯ ಗಾಜಿನ ತೊಟ್ಟಿ. ಅದರಲ್ಲಿ ಗೇಣುದ್ದಕ್ಕೂ ಮಿಕ್ಕಿ ತುಂಬಿದ ಕಾಗದದ ಚೂರು. ಅದರೊಳಗಿನ ಸುರಂಗದಿಂದ ಹೊರಬಂದು ಹಿಂಗಾಲುಗಳ ಮೇಲೆ ನಿಂತು ನನ್ನನ್ನು ಪರೀಕ್ಷಿಸಿದ ಗೋಧಿಬಣ್ಣದ ಎರಡು ಜೀವಗಳು. "ಇಲಿಗಳೇನೋ?" ಎಂದೆ. "ಇಲಿ ಅನ್ನಬೇಡಿ ಭಾವ, ಜರ್ಬಿಲ್," ಎಂದು ಅವನು ತಗ್ಗಿದ ದನಿಯಲ್ಲಿ ತಿದ್ದಿ, ಅವುಗಳಿಗೆ ಕೇಳಿಸಿತೋ ಏನೋ ಎಂಬಂತೆ ಒಮ್ಮೆ ತೊಟ್ಟಿಯ ಕಡೆ ನೋಡಿದನು. ಒಂದರ ಹೆಸರು ಗಂಗೆ, ಇನ್ನೊಂದು ಗೌರಿ. ಜನ್ಮದಲ್ಲಿ ನೀರು ಮುಟ್ಟಿ ಮೀಯದ ಪ್ರಾಣಿಗೆ ಗಂಗೆಯೆಂಬ ನಾಮಕರಣ ಮಾಡಿದ ಔಚಿತ್ಯವನ್ನು ನಾನು ಪ್ರಶ್ನಿಸಲಿಲ್ಲ.

ಆಮೇಲೆ ವಂಶಾವಳಿಯ ಪಠನ. ಪಾದ್ರಿ ಅರ್ಮಾ ದವೀದ್ ಎಂಬ ಫ್ರೆಂಚ್ ನಿಸರ್ಗಪ್ರೇಮಿ 1866ರಲ್ಲಿ ಉತ್ತರ ಚೀನದಿಂದ ಈ ಪ್ರಾಣಿಯನ್ನು ಪ್ಯಾರಿಸಿಗೆ ಕಳುಹಿಸಿದುದು, ಮರುವರ್ಷವೇ ಮಿಲ್ನ್ ಎಡ್ವರ್ಡ್ಸ್ ಎಂಬ ಪಂಡಿತ ಅದಕ್ಕೆ ಶಾಸ್ತ್ರೋಕ್ತವಾದ ಹೆಸರಿಟ್ಟುದು, ಜಪಾನಿನ ಪ್ರಯೋಗಶಾಲೆಗಳಿಂದ 1954ರಲ್ಲಿ ಕೆಲವು ಜೋಡಿಗಳು ಅಮೆರಿಕೆಗೆ ಹೋದುದು, ಅಲ್ಲಿಂದ ಲೋಕದ ಮಕ್ಕಳ ಕೋಣೆಗಳಿಗೆಲ್ಲ ಹಬ್ಬಿದುದು, ಇದೆಲ್ಲವನ್ನೂ ಅವನು ಸಂಕಲ್ಪದಲ್ಲಿ ದೇಶಕಾಲಗಳನ್ನು ಹೇಳುವ ಪುರೋಹಿತರ ವೇಗದಲ್ಲಿ ಹೇಳಿ ಮುಗಿಸಿದನು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಸಾಕುವುದು ನಿಷಿದ್ಧವಂತೆ. ತಪ್ಪಿಸಿಕೊಂಡು ಹೋದರೆ ಅಲ್ಲಿನ ಒಣನೆಲದಲ್ಲಿ ನೆಲಸಿ ಬೆಳೆಗೂ ಇತರ ಜೀವಿಗಳಿಗೂ ಕೇಡಾದೀತೆಂಬ ಭಯವಂತೆ. ಇದನ್ನು ಅವನು ಅನ್ಯಾಯವೆಂಬಂತೆ ಹೇಳಿದನು. ನನಗೆ ಆ ರಾಜ್ಯದ ಮೇಲೆ ಗೌರವ ಹೆಚ್ಚಿತು. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಬಿಲ ತೋಡಿಕೊಂಡಿರುವ, ಬಾಲದ ತುದಿಯಲ್ಲಿ ಕರಿಯ ಕುಚ್ಚುಳ್ಳ ಇಲಿಯೂ ಇದರ ದಾಯಾದಿಯೇ. ಅದನ್ನು ಕಂಡೊಡನೆ ನನ್ನ ತಾತನವರು ಕೈಗೆ ಸಿಕ್ಕಿದ ಬಡಿಗೆಯನ್ನು ಎತ್ತುತ್ತಿದ್ದರಲ್ಲದೆ ಅದರ ಸ್ನಾನಾದಿಗಳ ವ್ಯವಸ್ಥೆಯನ್ನು ವಿಚಾರಿಸುತ್ತಿರಲಿಲ್ಲ.

ಸ್ನಾನದ ವ್ಯವಸ್ಥೆಯೇ ಆ ಮನೆಯ ಪ್ರಧಾನ ಕರ್ಮ. ಮಂಗೋಲಿಯದ ಒಣಗಾಳಿಗೆ ಹುಟ್ಟಿದ ಪ್ರಾಣಿಯನ್ನು ಥೇಮ್ಸ್ ಕಣಿವೆಯ ತೇವದಲ್ಲಿ ತಂದಿಟ್ಟರೆ, ಅದರ ಮೈಯ ಸಹಜವಾದ ಜಿಡ್ಡು ಆರದೆ ರೋಮಗಳು ಒಂದಕ್ಕೊಂದು ಅಂಟಿ, ಎಣ್ಣೆ ಹಚ್ಚಿ ಬಾಚದೆ ಬಿಟ್ಟ ತಲೆಯಂತೆ ನೆಟ್ಟಗೆ ನಿಲ್ಲುವುವು. ನೀರು ಹಾಕಿದರೆ ಮೈ ತಣ್ಣಗಾಗಿ ಕಾಯಿಲೆ ಬೀಳುವುದು. ಆದುದರಿಂದ ಮರಳಿನಲ್ಲಿ ಹೊರಳಿ, ಜಿಡ್ಡನ್ನು ಮರಳಿಗೆ ಒಪ್ಪಿಸಿ, ಕೊಡವಿಕೊಂಡು ಏಳುವುದೇ ಅದಕ್ಕೆ ಶೌಚ. ಇದರಲ್ಲಿ ನನಗೆ ಆಕ್ಷೇಪವಿಲ್ಲ. ಆದರೆ ಮರಳೆಂದರೆ ಸಿಕ್ಕಿದ ಮರಳಲ್ಲ. ಚಿಂಚಿಲ್ಲಾ ಎಂಬ ಮತ್ತೊಂದು ಪ್ರಾಣಿಗೆ ಮಾರುವ ಹಿಟ್ಟಿನಂಥ ಧೂಳು ಕೂಡದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹಲ್ಲಿ ಹಾವುಗಳಿಗೆಂದು ಮಾರುವ ಕ್ಯಾಲ್ಸಿಯಂ ಮರಳು ಕೂಡದು, ಅದು ತೇವಕ್ಕೆ ಗಟ್ಟಿಯಾಗುತ್ತದೆ. ಬಣ್ಣ ಕೂಡದು, ಪರಿಮಳ ಕೂಡದು. ಮಕ್ಕಳ ಆಟಕ್ಕೆಂದು ತೊಳೆದು ಮಾರುವ ಮರಳು ಮಾತ್ರ ಗ್ರಾಹ್ಯ. ಅದನ್ನೂ ತಂದೊಡನೆ ಬಳಸುವಂತಿಲ್ಲ. ತಟ್ಟೆಯಲ್ಲಿ ಹರವಿ, ಓವನ್ನಿನಲ್ಲಿ ಕಾಯಿಸಿ, ಹುಳುಹುಪ್ಪಟೆಯ ಶಂಕೆಯನ್ನು ನಿವಾರಿಸಿ, ಪೂರ್ತಿ ತಣಿದ ಮೇಲೆ ಎರಡಂಗುಲದಷ್ಟು ತುಂಬಬೇಕು. ಜರ್ಬಿಲ್‌ಗಳು ಸ್ನಾನಗೃಹವನ್ನು ಬೇರೊಂದು ಗೃಹವನ್ನಾಗಿಯೂ ಬಳಸುವುದರಿಂದ, ದಿನವೂ ಒಮ್ಮೆ ಜರಡಿ ಹಿಡಿಯಬೇಕು. ಥೇಮ್ಸ್ ತೀರದ ಲ್ಯಾಂಬೆತ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ತೋರಿಸುತ್ತೇನೆಂದು ಅವನು ಪ್ರತಿ ಶನಿವಾರವೂ ಹೇಳುತ್ತಿದ್ದನು. ಪ್ರತಿ ಶನಿವಾರವೂ ಮರಳು ಕಾಯಿಸುವ ದಿನವಾಗಿರುತ್ತಿತ್ತು. ಆ ದರ್ಶನಭಾಗ್ಯ ನನಗೆ ಇನ್ನೂ ಲಭಿಸಿಲ್ಲ.

ಮರಳಿನ ಪಾತ್ರೆಯ ವಿಷಯದಲ್ಲಿ ನನ್ನ ಹೆಂಡತಿಗೆ ಒಂದು ದುಃಖವಿದೆ. ಆಕೆ ಬೆಂಗಳೂರಿನಿಂದ, ಮಾವಿನಮಿಡಿಯ ಉಪ್ಪಿನಕಾಯಿ ತುಂಬಿದ ಪಿಂಗಾಣಿಯ ಭರಣಿಯನ್ನು ತನ್ನ ಒಳ್ಳೆಯ ಸೀರೆಗಳಲ್ಲಿ ಸುತ್ತಿ, ವಿಮಾನದಲ್ಲಿ ಎಣ್ಣೆ ಸೋರದಂತೆ ದೇವರಿಗೆ ಹರಕೆ ಹೊತ್ತು, ತಮ್ಮನಿಗೆಂದು ಒಯ್ದಿದ್ದಳು. ಅವನು ಮುಚ್ಚಳವನ್ನು ತೆರೆದು ಮಿಡಿಯ ಪರಿಮಳವನ್ನು ಆಘ್ರಾಣಿಸುವ ಬದಲು ಭರಣಿಯ ಬಾಯಿಯನ್ನು ಬೆರಳಿನಿಂದ ಅಳೆದನು. ತೆರೆದ ತಟ್ಟೆಯಲ್ಲಿ ಮರಳಿಟ್ಟರೆ ಜರ್ಬಿಲ್ ಹಿಂಗಾಲಿನಿಂದ ಒದ್ದು ಹಜಾರಕ್ಕೆಲ್ಲ ಎರಚುತ್ತದೆ. ಹಗುರವಾದ ಡಬ್ಬಿಯಾದರೆ ಅಡಿಯಿಂದ ತೋಡಿ ಮಗುಚುತ್ತದೆ. ಪ್ಲಾಸ್ಟಿಕ್ ಆದರೆ ಕಡಿದು ತಿನ್ನುತ್ತದೆ. ಭಾರವುಳ್ಳ, ನುಣುಪಾದ, ಹೊಟ್ಟೆ ದೊಡ್ಡದಾಗಿ ಬಾಯಿ ಕಿರಿದಾದ ಪಾತ್ರೆಗಾಗಿ ಅವನು ಇಂಗ್ಲೆಂಡಿನ ಅಂಗಡಿಗಳನ್ನೆಲ್ಲ ಸುತ್ತಿ ನಿರಾಶನಾಗಿದ್ದನಂತೆ. ಉಪ್ಪಿನಕಾಯಿ ಆ ವಾರವೇ ಗಾಜಿನ ಬಾಟಲಿಗಳಿಗೆ ವರ್ಗಾವಣೆಯಾಯಿತು. ಭರಣಿ ಅಡ್ಡಲಾಗಿ ಮಲಗಿ, ಗಂಗಾಗೌರಿಯರ ಪುಣ್ಯತೀರ್ಥವಾಯಿತು.

ಅಷ್ಟಾದರೂ ಮರಳು ನಿಂತಿತೆ? ಭರಣಿಯಿಂದ ಮಿಂದು ಬಂದ ಗೌರಿ ಮೈ ಕೊಡವುವಳು. ತೊಟ್ಟಿಯ ಜಾಲರಿಯ ಮುಚ್ಚಳದ ಮೂಲಕ ಸೂಕ್ಷ್ಮವಾದ ಕಣಗಳು ಹೊರಬರುವುವು. ಅವನ ತೋಳಿಗೆ, ತೋಳಿನಿಂದ ಸೋಫಾಕ್ಕೆ, ಸೋಫಾದಿಂದ ನನ್ನ ಪಂಚೆಗೆ, ಪಂಚೆಯಿಂದ ಹಾಸಿಗೆಗೆ ಅವುಗಳ ಸಂಚಾರ. ನನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಮರಳು, ಓದುತ್ತಿದ್ದ ಪುಸ್ತಕದ ಹೊಲಿಗೆಯಲ್ಲಿ ಮರಳು. ವ್ಯಾಕ್ಯೂಮ್ ಯಂತ್ರವಿತ್ತು, ಆದರೆ ಅದರ ಸದ್ದಿಗೆ ಬೆದರಿ ಪ್ರಾಣಿಗಳು ಹಿಂಗಾಲಿನಿಂದ ನೆಲವನ್ನು ಧಡಧಡನೆ ಬಡಿಯುತ್ತಿದ್ದುದರಿಂದ ಅದನ್ನು ಮಾಳಿಗೆಗೆ ಬಹಿಷ್ಕರಿಸಲಾಗಿತ್ತು. ಆ ಮನೆಯಲ್ಲಿ ಊದುಬತ್ತಿಯೂ ಇಲ್ಲ, ಹೊಗೆ ಅವಕ್ಕಾಗದು. ದೇವರು ಮೂಷಿಕವಾಹನನಾದುದರಿಂದ ಕ್ಷಮಿಸಿರಬೇಕು.

ಇನ್ನು ಉಪ್ಪಿಟ್ಟಿನ ಪ್ರಕರಣ. ಅವನ ಹೆಂಡತಿ ಮುಂಜಾನೆಯೇ ಕೆಲಸಕ್ಕೆ ಹೋಗುವವಳಾದ್ದರಿಂದ ತಿಂಡಿಯ ಭಾರವನ್ನು ನನ್ನವಳು ವಹಿಸಿಕೊಂಡಿದ್ದಳು. ಒಂದು ದಿನ ಒಲೆಯ ಪಕ್ಕದಲ್ಲಿ, ಮುಚ್ಚಳವಿಲ್ಲದ ಸ್ಟೀಲ್ ಡಬ್ಬಿಯಲ್ಲಿ, ಹದವಾಗಿ ಹುರಿದ, ನಸುಹಳದಿ ಬಣ್ಣದ, ಒಂದೇ ಸಮನಾದ ಕಾಳಿನ ರವೆಯನ್ನು ಕಂಡು, ನಾದಿನಿ ರಾತ್ರಿಯೇ ಹುರಿದಿಟ್ಟು ಹೋಗಿದ್ದಾಳೆಂದು ಸಂತೋಷಪಟ್ಟಳು. ಸಾಸಿವೆ ಸಿಡಿಯಿತು, ಕಡಲೆಬೇಳೆ ಕೆಂಪಾಯಿತು, ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ರೆಡಿಂಗಿನಲ್ಲಿ ಚಿನ್ನದ ಬೆಲೆ ಕೊಟ್ಟು ತಂದ ಕರಿಬೇವು ಎಲ್ಲವೂ ಬಿದ್ದುವು, ನೀರು ಮರಳಿತು. ಒಂದು ಕೈಯಲ್ಲಿ ಸೌಟನ್ನಾಡಿಸುತ್ತ ಇನ್ನೊಂದು ಕೈಯಿಂದ ಧಾರೆಯಾಗಿ ಸುರಿದು, ಮುಚ್ಚಿ, ಉರಿ ತಗ್ಗಿಸಿ, ಅರಳಲೆಂದು ಕಾದಳು. ಮುಚ್ಚಳ ತೆಗೆದರೆ ನೀರು ಮೇಲೆ, ರವೆ ಕೆಳಗೆ. ಇನ್ನಷ್ಟು ಹೊತ್ತು ಕಾದು, "ಈ ದೇಶದ ರವೆಗೆ ನೀರು ಹೀರೋ ಬುದ್ಧಿನೇ ಇಲ್ಲ" ಎಂದು ತೀರ್ಪಿತ್ತು, ಒಂದು ಚಮಚದ ತುಂಬ ತೆಗೆದು ನನ್ನ ಮುಂದೆ ಹಿಡಿದು, "ಉಪ್ಪು ಸರಿಯಾಗಿದೆಯಾ ನೋಡಿ" ಎಂದಳು. ಗೃಹಸ್ಥನಾದವನು ಇಂಥ ಸಂದರ್ಭದಲ್ಲಿ ಬಾಯಿ ತೆರೆಯುತ್ತಾನೆ. ನನ್ನ ದವಡೆಗಳ ನಡುವೆ ಎದ್ದ ಶಬ್ದ ಪಕ್ಕದ ಕೋಣೆಗೂ ಕೇಳಿಸಿತು. ಉಪ್ಪೇನೋ ಸರಿಯಾಗಿತ್ತು.

ಶಬ್ದಕ್ಕೆ ಓಡಿಬಂದ ಭಾವಮೈದುನ ನನ್ನ ಮುಖವನ್ನು ನೋಡಲಿಲ್ಲ, ಬಾಣಲೆಯನ್ನು ನೋಡಿದನು. "ಅಕ್ಕಾ! ಗಂಗೆಯ ಮರಳು! ಈರುಳ್ಳಿ ಬೇರೆ ಹಾಕಿದ್ದೀಯಲ್ಲ, ಈರುಳ್ಳಿ ಅವಕ್ಕೆ ಆಗೋದೇ ಇಲ್ಲ!" ಎಂದು ಆರ್ತನಾದ ಮಾಡಿದನು. ಅಕ್ಕ ಒಂದು ಕ್ಷಣ ಬಾಣಲೆಯನ್ನೂ ತಮ್ಮನನ್ನೂ ನೋಡಿ, ತಮ್ಮನನ್ನು ಬಯ್ಯುವುದು ಅಸಾಧ್ಯವಾದುದರಿಂದ ನನ್ನ ಕಡೆ ತಿರುಗಿ, "ಬಾಯಿಗೆ ಹಾಕಿಕೊಳ್ಳೋ ಮುಂಚೆ ನಿಮಗಾದರೂ ಗೊತ್ತಾಗಬಾರದೇ?" ಎಂದಳು. ಸಂಜೆ ಸುದ್ದಿ ತಿಳಿದ ಅವನ ಹೆಂಡತಿ, "ಅಣ್ಣಾ, ಹಲ್ಲಿಗೇನೂ ಆಗಲಿಲ್ಲವಷ್ಟೆ?" ಎಂದು ಕೇಳಿದಳು. ಆ ಮನೆಯಲ್ಲಿ ಆ ಪ್ರಶ್ನೆ ಕೇಳಿದವಳು ಆಕೆಯೊಬ್ಬಳೇ. ಆಕೆಯನ್ನು ದೇವರು ಚೆನ್ನಾಗಿಟ್ಟಿರಲಿ.

ಇಷ್ಟೆಲ್ಲ ಹೇಳಿಯೂ ಒಂದು ಮಾತನ್ನು ಮರೆಮಾಚುವುದು ನ್ಯಾಯವಲ್ಲ. ಚೊಂಬಿನಿಂದ ನೀರು ಸುರಿದುಕೊಂಡಲ್ಲದೆ ಮಿಂದಂತೆನಿಸದ ನಾನು, ನೆಲದಲ್ಲಿ ನೀರು ಹರಿದುಹೋಗಲು ಬಚ್ಚಲ ಕಂಡಿಯೇ ಇಲ್ಲದ ಅವರ ಸ್ನಾನದ ಕೋಣೆಯಲ್ಲಿ ದಿನವೂ ಒಂದು ಸಣ್ಣ ಕೆರೆ ಕಟ್ಟುತ್ತಿದ್ದೆ. ಅವನು ಒಂದು ಮಾತೂ ಆಡದೆ ಮೊಣಕಾಲೂರಿ ಒರೆಸುತ್ತಿದ್ದನು. ಆನೆ ಮಿಂದು ಬಂದು ಮೈಮೇಲೆ ಮಣ್ಣೆರಚಿಕೊಳ್ಳುವುದನ್ನು ಕಂಡು ನಮ್ಮ ಹಿರಿಯರು ವ್ಯರ್ಥಕರ್ಮಕ್ಕೆಲ್ಲ ಗಜಸ್ನಾನವೆಂದು ಹೆಸರಿಟ್ಟರು. ಆದರೆ ಒಂದು ರಾತ್ರಿ ನಿದ್ದೆ ಬಾರದೆ ಹಜಾರಕ್ಕೆ ಬಂದಾಗ ಗಂಗೆ ಭರಣಿಯೊಳಗಿದ್ದಳು. ಮುಂಗಾಲುಗಳಿಂದ ಮರಳನ್ನು ಅವಸರವಸರವಾಗಿ ಕೆದಕಿ, ಕಣ್ಣು ಕಿರಿದಾಗಿಸಿ, ಒಂದು ಮಗ್ಗುಲಿಗೆ ಉರುಳಿ, ಬೆನ್ನನ್ನು ಬಿಲ್ಲಿನಂತೆ ತಿರುಚಿ ಇನ್ನೊಂದು ಮಗ್ಗುಲಿಗೆ ಹೊರಳಿ, ಎದ್ದು ಕೊಡವಿ, ಕುಳಿತು, ಬಾಲವನ್ನು ಕೈಗಳಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ನೆಕ್ಕಿ ಶುಚಿಮಾಡಿದಳು. ಜಿಡ್ಡೆಲ್ಲ ಹೋಗಿ ರೋಮ ರೇಷ್ಮೆಯಾಗಿತ್ತು. ಇದನ್ನು ವ್ಯರ್ಥವೆನ್ನಲು ನನಗೆ ನಾಲಗೆ ಬರಲಿಲ್ಲ.

ಅವನೂ ಅಲ್ಲಿಯೇ ಕತ್ತಲಲ್ಲಿ ಕುಳಿತು, ಫೋನಿನಲ್ಲಿ ಅದರ ಚಿತ್ರ ಹಿಡಿಯುತ್ತಿದ್ದನು. ಜರ್ಬಿಲ್‌ಗಳು ಬೇಕೆಂದು ಹಟ ಹಿಡಿದವಳು ಮಗಳು. ತಂದ ಕೆಲವೇ ತಿಂಗಳಿಗೆ ಅವಳು ಸ್ಕಾಟ್ಲೆಂಡಿನ ವಿಶ್ವವಿದ್ಯಾನಿಲಯಕ್ಕೆ ಓದಲು ಹೋದಳು. ಊಟವಾಯಿತೇ, ಚಳಿಯೇ, ಹಣವಿದೆಯೇ ಎಂದು ಅಪ್ಪ ಕೇಳಿದ್ದಕ್ಕೆಲ್ಲ ಅವಳಿಂದ ಎರಡಕ್ಷರದ ಉತ್ತರ. ಗಂಗೆ ಮೀಯುವ ಚಿತ್ರ ಹೋದ ದಿನ ಮಾತ್ರ ಅವಳು ತಾನಾಗಿಯೇ ಫೋನ್ ಮಾಡುತ್ತಾಳೆ, ಮಾತು ಬಹಳ ಹೊತ್ತು ನಡೆಯುತ್ತದೆ. ಈ ಪ್ರಾಣಿಗಳ ಆಯುಸ್ಸು ಮೂರು ನಾಲ್ಕು ವರ್ಷ. ಸ್ಕಾಟ್ಲೆಂಡಿನ ಪದವಿಯ ಓದೂ ನಾಲ್ಕು ವರ್ಷ. ಈ ಲೆಕ್ಕವನ್ನು ಅವನೂ ಹಾಕಿರಬೇಕು. ನನ್ನೊಡನೆ ಎಂದೂ ಆಡಿದವನಲ್ಲ. ಮರಳನ್ನು ಮಾತ್ರ ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಜರಡಿ ಹಿಡಿಯುತ್ತಾನೆ.

ಮೊನ್ನೆ ಅವನಿಂದ ಅಕ್ಕನಿಗೆ ಸಂದೇಶ ಬಂದಿದೆ: ಇಬ್ಬರೂ ಒಂದೇ ಹೊತ್ತಿಗೆ ಮೀಯಬೇಕೆಂದು ಜಗಳವಾಡುತ್ತಾರೆ, ಅಂಥದೇ ಇನ್ನೊಂದು ಭರಣಿ ಬೇಕು, ಉಪ್ಪಿನಕಾಯಿ ಇಲ್ಲದಿದ್ದರೂ ಚಿಂತೆಯಿಲ್ಲ. ನನ್ನವಳು ಆಗಲೇ ಅವೆನ್ಯೂ ರಸ್ತೆಗೆ ಹೋಗಿ ಒಂದನ್ನು ತಂದು, ಉಪ್ಪಿನಕಾಯಿಯನ್ನೂ ತುಂಬಿ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದಾಳೆ. ಈ ಲೇಖನವನ್ನು ಓದುವವರಲ್ಲಿ ಯಾರಾದರೂ ರೆಡಿಂಗಿನ ಕಡೆಗೆ ಹೊರಟಿದ್ದು, ಪೆಟ್ಟಿಗೆಯಲ್ಲಿ ನಾಲ್ಕು ಕಿಲೋ ತೂಕಕ್ಕೆ ಸ್ಥಳವಿದ್ದರೆ, ದಯವಿಟ್ಟು ಪತ್ರಿಕೆಯ ಮೂಲಕ ನಮಗೆ ತಿಳಿಸಬೇಕು. ತಲಪಿಸಿದವರಿಗೆ ಅವನು ತಿಂಡಿ ಕೊಡುತ್ತೇನೆಂದರೆ, ಬ್ರೆಡ್ಡನ್ನೇ ಕೇಳಿ ಪಡೆಯುವುದು ಕ್ಷೇಮ.