ಆತ್ಮಸ್ತುತಿ ಆ್ಯಪ್‌ನ ಪ್ರಾಮಾಣ್ಯ ವಿಚಾರ

‘ನಾನು ಸಮರ್ಥ’, ‘ನಾನು ಶಾಂತ’, ‘ಐಶ್ವರ್ಯ ನನ್ನತ್ತ ಹರಿದು ಬರುತ್ತಿದೆ’ ಎಂಬಂಥ ವಾಕ್ಯಗಳನ್ನು ಹೊತ್ತುಹೊತ್ತಿಗೆ ಟಣ್ ಎಂದು ಮೊಬೈಲಿನ ಮೇಲೆ ಉದುರಿಸುವ ಆ್ಯಪ್‌ಗಳ ವಿಷಯದಲ್ಲಿ ಪೂರ್ವಾಚಾರ್ಯರು ಮೌನವಾಗಿದ್ದಾರೆ. ಮೀಮಾಂಸಾಸೂತ್ರ ರಚಿಸಿದ ಜೈಮಿನಿ ಮಹರ್ಷಿಗಳ ಬಳಿ ಮೊಬೈಲ್ ಇರಲಿಲ್ಲ, ಅದಕ್ಕೆ ಭಾಷ್ಯ ಬರೆದ ಶಬರಸ್ವಾಮಿಗೆ ಪ್ಲೇ ಸ್ಟೋರ್ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ ಈ ಲೋಪವನ್ನು ಮನ್ನಿಸಬಹುದು. ಆದರೂ ಒಂದು ವಾಕ್ಯ ಎದುರಿಗೆ ಬಂದು ನಿಂತರೆ ಅದನ್ನು ಎಲ್ಲಿ ಕೂರಿಸಬೇಕು, ಎಷ್ಟು ನಂಬಬೇಕು, ಯಾವಾಗ ಎಬ್ಬಿಸಿ ಕಳಿಸಬೇಕು ಎಂಬುದನ್ನೆಲ್ಲ ವೇದವಾಕ್ಯಗಳ ಅರ್ಥ ಬಗೆಹರಿಸುವ ಮೀಮಾಂಸಕರು ಎಂದೋ ತೀರ್ಮಾನಿಸಿಟ್ಟಿದ್ದಾರೆ. ಅವರ ಪದ್ಧತಿಯಲ್ಲಿ ಅಧಿಕರಣಕ್ಕೆ, ಅಂದರೆ ಒಂದು ವಿಷಯದ ಚರ್ಚೆಗೆ, ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಮೊದಲ ನಾಲ್ಕನ್ನು ಇಲ್ಲಿ ಯಥಾಶಕ್ತಿ ನಿರ್ವಹಿಸಲಾಗಿದೆ. ಐದನೆಯದರಲ್ಲಿ ದುಡ್ಡಿನ ವಿಷಯ ಇರುವುದರಿಂದ ಅದನ್ನು ಕೊನೆಗೆ ಇಟ್ಟಿದ್ದೇವೆ.

ವಿಷಯ. ಪ್ರಸ್ತುತ ಆ್ಯಪ್‌ನ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಅದೂ ಸ್ತುತಿಯಾದೀತು. ಇಳಿಸಿಕೊಂಡ ಕೂಡಲೇ ಅದು ಹೆಸರು, ವಯಸ್ಸು, ಮನಸ್ಸಿನ ಸ್ಥಿತಿ ಕೇಳುತ್ತದೆ. ಹಣ, ಪ್ರೀತಿ, ನಿದ್ರೆ ಇವುಗಳಲ್ಲಿ ಯಾವುದು ಕಡಿಮೆಯಾಗಿದೆ ಎಂದು ವಿಚಾರಿಸುತ್ತದೆ. ಮೂರೂ ಎಂದು ಒತ್ತಿದರೂ ಬೇಸರಪಡದೆ ಸಮುದ್ರದ ಮೇಲೆ ಸೂರ್ಯ ಮುಳುಗುವ ಚಿತ್ರ ಹಾಕಿ, ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ನಿಮ್ಮನ್ನು ಹೊಗಳಲು ಕೂರುತ್ತದೆ. ಒಂದು ದಿನವೂ ತಪ್ಪದೆ ಓದಿದರೆ ‘ಸ್ಟ್ರೀಕ್’ ಬೆಳೆಯುತ್ತದೆ, ತಪ್ಪಿದರೆ ಸೊನ್ನೆ. ಇದು ಶಾಸ್ತ್ರದ ನಿತ್ಯಕರ್ಮಕ್ಕೆ ಸಮಾನ: ಮಾಡಿದರೆ ವಿಶೇಷ ಫಲವೇನೂ ಇಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯ, ಅಂದರೆ ದೋಷ.

ಸಂಶಯ. ‘ಐಶ್ವರ್ಯ ನನ್ನತ್ತ ಹರಿದು ಬರುತ್ತಿದೆ’ ಎಂಬ ವಾಕ್ಯ ಬಂದ ನಿಮಿಷದಲ್ಲೇ, ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲದ್ದಕ್ಕೆ ದಂಡ ಮುರಿದುಕೊಂಡಿದ್ದೇವೆಂಬ ಬ್ಯಾಂಕಿನ ಸಂದೇಶವೂ ಬಂದರೆ ಯಾವುದು ಪ್ರಮಾಣ? ಎರಡೂ ಒಂದೇ ಪರದೆಯ ಮೇಲೆ ಇವೆ, ಒಂದೇ ಗಾತ್ರದಲ್ಲಿವೆ, ಎರಡೂ ಅಪೌರುಷೇಯ, ಮನುಷ್ಯರು ಬರೆದದ್ದಲ್ಲ.

ಇಲ್ಲಿ ಮೀಮಾಂಸಕರು ಕೈಹಿಡಿಯುತ್ತಾರೆ. ವೇದದಲ್ಲಿ ಇಂಥದ್ದು ಮಾಡು ಎನ್ನುವ ವಾಕ್ಯ ವಿಧಿ. ಅದನ್ನು ಮಾಡಲು ಹುರುಪು ಹುಟ್ಟಿಸುವಂತೆ ಹೊಗಳುವ ವಾಕ್ಯ ಅರ್ಥವಾದ. ಅರ್ಥವಾದದಲ್ಲಿ ಮೂರು ಬಗೆ. ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾಗಿದ್ದರೆ ಗುಣವಾದ. ಯಜ್ಞದ ಮರದ ಕಂಬವನ್ನೇ ಸೂರ್ಯ ಎಂದದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ. ಎಲ್ಲರಿಗೂ ಗೊತ್ತಿದ್ದದ್ದನ್ನೇ ಹೇಳಿದರೆ ಅನುವಾದ; ಚಳಿಗೆ ಬೆಂಕಿಯೇ ಮದ್ದು ಎಂದಂತೆ. ಹೌದೆನ್ನಲೂ ಅಲ್ಲವೆನ್ನಲೂ ಬೇರೆ ದಾರಿ ಇಲ್ಲದಿದ್ದರೆ ಭೂತಾರ್ಥವಾದ. ಇಂದ್ರನು ವೃತ್ರನ ಮೇಲೆ ವಜ್ರ ಎತ್ತಿದ ಎಂಬಂಥದ್ದು. ಈ ಜರಡಿ ಹಿಡಿದರೆ ಆ್ಯಪ್‌ನ ವಾಕ್ಯಗಳು ತಾವಾಗಿಯೇ ಬೇರ್ಪಡುತ್ತವೆ. ‘ಐಶ್ವರ್ಯ ಹರಿದು ಬರುತ್ತಿದೆ’ ಎಂಬುದು ಗುಣವಾದ. ಪಾಸ್‌ಬುಕ್ಕೇ ಅದಕ್ಕೆ ವಿರೋಧಿ ಪ್ರಮಾಣ. ‘ನಾನು ಉಸಿರಾಡುತ್ತಿದ್ದೇನೆ, ನಾನು ಇಲ್ಲಿದ್ದೇನೆ’ ಎಂಬುದು ಅನುವಾದ. ಇದನ್ನು ತಿಳಿಯಲು ಆ್ಯಪ್ ಬೇಕಾಗಿಲ್ಲ, ಬಿಎಂಟಿಸಿ ಬಸ್ಸಿನ ಫುಟ್‌ಬೋರ್ಡ್ ಸಾಕು. ‘ಇಡೀ ವಿಶ್ವ ನನ್ನ ಪರವಾಗಿ ಕೆಲಸ ಮಾಡುತ್ತಿದೆ’ ಎಂಬುದು ಭೂತಾರ್ಥವಾದ. ವಿಶ್ವವನ್ನು ಕರೆದು ಸಾಕ್ಷಿ ಕೇಳುವಂತಿಲ್ಲ.

ಆದರೆ ಜೈಮಿನಿಯ ನಿಯಮ ಬಿಗಿಯಾದದ್ದು. ಅರ್ಥವಾದಕ್ಕೆ ತನ್ನಷ್ಟಕ್ಕೆ ಬೆಲೆ ಇಲ್ಲ, ವಿಧಿಯ ಜೊತೆ ಸೇರಿದರೆ ಮಾತ್ರ ಅದು ಸಾರ್ಥಕ. ವಾಯು ಬಲು ವೇಗದ ದೇವತೆ ಎಂದು ಹೊಗಳುವುದು ವಾಯುವಿಗೆ ಹವಿಸ್ಸು ಕೊಡಲಿ ಎಂದು. ಆ್ಯಪ್ ನಿಮ್ಮನ್ನು ವೇಗಶಾಲಿ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸುತ್ತದೆ. ಎದ್ದು ಏನು ಮಾಡಬೇಕೆಂಬ ಮಾತೇ ಇಲ್ಲ.

ಈಗ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ: ವಿಧಿ ಇಲ್ಲದೆಯೂ ಹೊಗಳಿಕೆ ಫಲ ಕೊಡುತ್ತದೆ. ಈ ಸಂಪ್ರದಾಯದ ಮೂಲಪುರುಷ ಫ್ರಾನ್ಸಿನ ತ್ರುವಾ ಊರಿನ ಔಷಧ ವ್ಯಾಪಾರಿ ಎಮಿಲ್ ಕೂಯೆ (1857–1926). ಔಷಧದ ಜೊತೆ ನಾಲ್ಕು ಒಳ್ಳೆಯ ಮಾತೂ ಸೇರಿಸಿ ಕೊಟ್ಟರೆ ಗುಣ ಬೇಗ ಕಾಣುತ್ತದೆಂದು ಕಂಡುಕೊಂಡು, ಮುಂದೆ ನಾನ್ಸಿ ಪಟ್ಟಣದಲ್ಲಿ ಮಾತನ್ನೇ ಚಿಕಿತ್ಸೆ ಮಾಡಿದ ಮಹಾನುಭಾವ. ದಿನೇದಿನೇ ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ ಎಂಬರ್ಥದ ಒಂದೇ ವಾಕ್ಯವನ್ನು ಬೆಳಿಗ್ಗೆ ಏಳುವಾಗ, ರಾತ್ರಿ ಮಲಗುವಾಗ ಇಪ್ಪತ್ತಿಪ್ಪತ್ತು ಸಲ ಹೇಳಿಸಿದ. ಲೆಕ್ಕ ತಪ್ಪದಿರಲು ಇಪ್ಪತ್ತು ಗಂಟಿನ ದಾರ. ನಮ್ಮ ಜಪಸರದ ನೂರೆಂಟಕ್ಕೆ ಹೋಲಿಸಿದರೆ ಇದು ಸಂಕ್ಷಿಪ್ತ ಪ್ರಯೋಗ. ಆದಷ್ಟು ಯಾಂತ್ರಿಕವಾಗಿ ಹೇಳಿ, ಪ್ರಯತ್ನಪಡಬೇಡಿ ಎಂಬುದು ಅವನ ಕಟ್ಟಪ್ಪಣೆ. ಮುಂದೊಂದು ದಿನ ಯಂತ್ರವೇ ಹೇಳಿ, ನಾವು ಅದನ್ನು ಪರದೆಯಿಂದ ಒರೆಸಿಹಾಕುವ ಪ್ರಯತ್ನವನ್ನಷ್ಟೇ ಮಾಡುವ ಕಾಲ ಬಂದದ್ದನ್ನು ನೋಡಲು ಪಾಪ ಅವನಿಲ್ಲ.

ಎದುರಾಳಿ ಇನ್ನೊಂದು ಸಾಕ್ಷಿಯನ್ನೂ ತರಬಹುದು. ಅದು ನಮ್ಮ ಐಹೊಳೆಯಲ್ಲೇ ಇದೆ. ಮೇಗುತಿ ಜಿನಾಲಯದ ಗೋಡೆಯ ಮೇಲೆ 634ರ ಸಂಸ್ಕೃತ ಶಾಸನ. ಅದರ ತುಂಬ ಇಮ್ಮಡಿ ಪುಲಕೇಶಿಯ ಹೊಗಳಿಕೆ; ಹರ್ಷನನ್ನೇ ಸೋಲಿಸಿದ ಅರಸನಿಗೆ ಅಷ್ಟು ಸಲ್ಲುವುದೇ. ಆದರೆ ಕೊನೆಗೆ ಬಂದಾಗ ಕವಿ ರವಿಕೀರ್ತಿ ಅರಸನನ್ನು ಪಕ್ಕಕ್ಕೆ ಸರಿಸಿ, ಕಾಳಿದಾಸ, ಭಾರವಿಗಳ ಕೀರ್ತಿಗೆ ತಾನೂ ಸಮನಾದೆ ಎಂದು ಸಾರಿಬಿಡುತ್ತಾನೆ. ಇದಕ್ಕಿಂತ ಶುದ್ಧವಾದ ಆತ್ಮಸ್ತುತಿ ಯಾವ ಆ್ಯಪ್‌ನಲ್ಲೂ ಸಿಗದು. ಅದು ಫಲಿಸಿತು ಕೂಡ! ಕಾಳಿದಾಸನ ಕಾಲ ನಿರ್ಣಯಿಸಲು ಹೊರಟ ವಿದ್ವಾಂಸರೆಲ್ಲ ಇಂದಿಗೂ ರವಿಕೀರ್ತಿಯ ಹೆಸರೆತ್ತಲೇಬೇಕು. ಅವನ ಬಡಾಯಿಯೇ ಅವರಿಗೆ ಆಧಾರ.

ಪೂರ್ವಪಕ್ಷ ಇಲ್ಲಿ ಗೆದ್ದಂತೆ ಕಾಣುತ್ತದೆ. ಸ್ವಲ್ಪ ತಾಳಬೇಕು. ಆ ಮಾತನ್ನು ಕೆತ್ತಿಸುವ ಹೊತ್ತಿಗೆ ರವಿಕೀರ್ತಿ ಬೆಟ್ಟದ ಮೇಲೆ ಕಲ್ಲಿನ ಬಸದಿ ಕಟ್ಟಿಸಿ ಮುಗಿಸಿದ್ದ, ಒಳ್ಳೆಯ ಛಂದಸ್ಸಿನಲ್ಲಿ ಇಡೀ ಪ್ರಶಸ್ತಿ ಬರೆದು ಮುಗಿಸಿದ್ದ. ಕೆಲಸ ಮೊದಲು ಆಯಿತು, ಸ್ಟೇಟಸ್ ಆಮೇಲೆ ಬಂತು.

ಸಿದ್ಧಾಂತಕ್ಕೆ ಹೋಗುವ ಮುನ್ನ ಕ್ಷೇತ್ರಕಾರ್ಯದ ಒಂದು ಫಲಿತಾಂಶ ದಾಖಲಿಸಬೇಕು. ನಮ್ಮ ಅತ್ತಿಗೆಯ ಫೋನಿಗೆ ಅವರ ಮಗ ಪ್ರೀತಿಯಿಂದ ಈ ಆ್ಯಪ್ ಹಾಕಿಕೊಟ್ಟಿದ್ದ. ಫೋನ್ ಇರುವುದು ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಗೆ ಒರಗಿಕೊಂಡು. ಬೆಳಗಿನ ಏಳು ಹತ್ತು: ಕುಕ್ಕರ್ ಮೂರನೆಯ ಸಲ ಕೂಗಿದೆ, ಗೇಟಿನ ಹತ್ತಿರ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿದೆ, ಒಂದು ಕಾಲುಚೀಲ ಸಿಕ್ಕಿಲ್ಲ. ಆಗ ಪರದೆ ಬೆಳಗಿತು: ‘ನನಗೆ ಬೇಕಾದಷ್ಟು ಸಮಯವಿದೆ. ನಾನು ನಿಧಾನವಾಗಿ ಉಸಿರಾಡುತ್ತೇನೆ.’ ಅತ್ತಿಗೆ ತುರಿಮಣೆಯ ಮೇಲಿಂದ ತಲೆ ಎತ್ತದೆಯೇ, “ಹೂಂ ಕಣಪ್ಪಾ, ಅಷ್ಟು ಪುರುಸೊತ್ತು ನಿನಗಿದ್ರೆ ಬಾ, ಈ ಇನ್ನೊಂದು ಹೋಳು ಕಾಯಿ ತುರಿದುಕೊಟ್ಟು ಹೋಗು” ಅಂದರು. ಆ್ಯಪ್ ನಿರುತ್ತರವಾಯಿತು. ಶಾಸ್ತ್ರಾರ್ಥದಲ್ಲಿ ಇದಕ್ಕೆ ನಿಗ್ರಹಸ್ಥಾನ, ಅಂದರೆ ವಾದಿ ಸೋಲುವ ಜಾಗ ಎನ್ನುತ್ತಾರೆ.

ಅತ್ತಿಗೆಯ ಮಾತಿಗೆ ಪರದೇಶದ ಆಧಾರ ಬೇಕೆನ್ನುವವರಿಗೆ ಅದೂ ಇದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ‘ನಾನು ಪ್ರೀತಿಗೆ ಯೋಗ್ಯ’ ಎಂಬರ್ಥದ ವಾಕ್ಯವನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯವಿದ್ದವರಿಗೆ ತುಸು ಖುಷಿಯಾಯಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ, ಹೇಳದೆ ಇದ್ದವರಿಗಿಂತ ಹೆಚ್ಚು ಬೇಸರವಾಯಿತು. ಅಂದರೆ ಈ ಮದ್ದು ಆರೋಗ್ಯವಂತರಿಗೆ ಹಿತ, ರೋಗಿಗೆ ಅಪಥ್ಯ. ಬಸವಣ್ಣನವರು ಹೊಗಳಿಕೆಯನ್ನು ಹೊನ್ನಶೂಲವೆಂದು ಗುರುತಿಸಿ ಎಂಟುನೂರು ವರ್ಷ ದಾಟಿದೆ. ಈಗ ಶೂಲಕ್ಕೆ ತಿಂಗಳ ಚಂದಾ ಬಂದಿದೆ, ಅಷ್ಟೇ ವ್ಯತ್ಯಾಸ. ನ್ಯಾಯಕ್ಕೆ ಇನ್ನೊಂದು ಮಾತು ಸೇರಿಸಬೇಕು: ಕ್ಲಾಡ್ ಸ್ಟೀಲ್ 1988ರಲ್ಲಿ ಮಂಡಿಸಿದ ಸಿದ್ಧಾಂತದ ದಾರಿಯಲ್ಲಿ ಮನಶ್ಶಾಸ್ತ್ರಜ್ಞರು ಮಾಡಿಸುವುದೇ ಬೇರೆ. ತನಗೆ ಬದುಕಿನಲ್ಲಿ ಯಾವುದು ಮುಖ್ಯ, ಯಾಕೆ ಮುಖ್ಯ ಎಂದು ಕೂತು ಬರೆಸುತ್ತಾರೆ. ಅಲ್ಲಿ ಹೊಗಳಿಕೆಯೇ ಇಲ್ಲ, ಹೋಮ್‌ವರ್ಕ್ ಇದೆ. ಸೂರ್ಯಾಸ್ತದ ಚಿತ್ರಕ್ಕೆ ಅದು ಒಗ್ಗುವುದಿಲ್ಲ.

ಹಾಗಾದರೆ ಬೆಳಗಾಗೆದ್ದು ಒಳ್ಳೆಯ ಮಾತು ಕೇಳಬೇಕೆಂಬ ಆಸೆಯೇ ತಪ್ಪೇ? ಖಂಡಿತ ಅಲ್ಲ. ನಮ್ಮಲ್ಲಿ ಅದಕ್ಕೆ ಪರಿಣತರಿದ್ದರು. ಬೆಳಕು ಹರಿಯುವ ಮೊದಲೇ ಉದ್ದ ಕೋಟು, ರುಮಾಲು, ಹೆಗಲ ತುಂಬ ಬಟ್ಟೆ, ಕೈಯಲ್ಲಿ ಪುಟ್ಟ ಡಮರು ಹಿಡಿದು ಬುಡಬುಡಿಕೆಯವನು ಬಾಗಿಲಿಗೆ ಬರುತ್ತಿದ್ದ. ಹಾಲಕ್ಕಿ ನುಡಿದದ್ದನ್ನು ಕೇಳಿ ಬಂದಿದ್ದೇನೆ, ಈ ಮನೆಗೆ ಒಳ್ಳೇದಾಗುತೈತೆ ಎನ್ನುತ್ತಿದ್ದ. ಇದು ಅರ್ಥವಾದವೇ, ಸಂಶಯವಿಲ್ಲ. ಆದರೆ ಅವನು ಮನೆಯ ಸೂರು ನೋಡುತ್ತಿದ್ದ, ಯಜಮಾನನ ಮುಖ ನೋಡುತ್ತಿದ್ದ, ಒಳಗೆ ಮಗು ಕೆಮ್ಮಿದ್ದು ಕೇಳಿಸಿಕೊಳ್ಳುತ್ತಿದ್ದ. ಒಂದು ಸಣ್ಣ ಗಂಡಾಂತರ ಐತೆ ಎಂದು ಎಚ್ಚರಿಸಿ, ಶನಿವಾರ ಹನುಮಪ್ಪನ ಗುಡಿಗೆ ಎಣ್ಣೆ ಹಾಕಿ ಬಾ ಎಂದು ಹೇಳಿಯೇ ಹೋಗುತ್ತಿದ್ದ. ಗುಡಿಯವರೆಗೆ ನಡೆದು ಬರುವಷ್ಟರಲ್ಲಿ ನಾಲ್ಕು ಜನ ಸಿಗುತ್ತಿದ್ದರು, ಮನಸ್ಸು ಹಗುರಾಗುತ್ತಿತ್ತು. ಅವನ ಅರ್ಥವಾದಕ್ಕೆ ವಿಧಿ ಇತ್ತು, ಜೈಮಿನಿ ಒಪ್ಪುವಂತಿತ್ತು. ದಕ್ಷಿಣೆ ಒಂದು ಮೊರ ರಾಗಿ, ಒಂದು ಹಳೆಯ ಅಂಗಿ. ಕೊಡದಿದ್ದರೆ ಗೊಣಗುತ್ತಿದ್ದನೇ ಹೊರತು ಮುಂದಿನ ವರ್ಷದ್ದನ್ನೂ ಇವತ್ತೇ ಕಿತ್ತುಕೊಳ್ಳುತ್ತಿರಲಿಲ್ಲ. ಆದ್ದರಿಂದ ಈ ಎರಡರಲ್ಲಿ ಬುಡಬುಡಿಕೆಯವನೇ ಪ್ರಮಾಣ, ಆ್ಯಪ್ ಅಪ್ರಮಾಣ ಎಂಬುದು ಸಿದ್ಧಾಂತ.

ಉಳಿದದ್ದು ಸಂಗತಿ. ವಿಧಿ ಇಲ್ಲದ ಅರ್ಥವಾದ ವ್ಯರ್ಥ ಎಂದು ಇಷ್ಟು ಹೊತ್ತು ವಾದಿಸಿದ ಪ್ರಬಂಧದಲ್ಲಿ ಒಂದಾದರೂ ವಿಧಿವಾಕ್ಯ ಇರಲೇಬೇಕು. ಇಂಥ ಆ್ಯಪ್‌ಗಳಲ್ಲಿ ಹಲವು, ಮೊದಲ ಕೆಲವು ದಿನ ಉಚಿತ ಎಂದು ಹೇಳಿ ಕಾರ್ಡೋ ಯುಪಿಐಯೋ ಕೊಟ್ಟ ಮೇಲೆಯೇ ಒಳಗೆ ಬಿಡುತ್ತವೆ. ಅವಧಿ ಮುಗಿದರೆ ಚಂದಾ ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್ ತೆರೆದು, ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾ ಎಂಬಲ್ಲಿಗೆ ಹೋಗಿ, ಆ ಆ್ಯಪ್‌ನ ಹೆಸರು ಒತ್ತಿ, ಒಳಗಿರುವ ಚಂದಾ ರದ್ದು ಎಂಬುದನ್ನು ಒತ್ತಬೇಕು. ಉಚಿತ ಅವಧಿ ಮುಗಿಯುವ ಮೊದಲೇ ಒತ್ತಬೇಕು.