ಜಲಚಿಕಿತ್ಸೆಯ ಉತ್ತರಕಾಂಡ: ಇಲ್ಕ್ಲಿ ಮೂರ್ ಛಾಯಾಗ್ರಹಣ ಮೀಮಾಂಸೆ

ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಶೈರಿನಲ್ಲಿ, ವಾರ್ಫ್ ನದಿಯ ದಂಡೆಯ ಇಲ್ಕ್ಲಿ ಪಟ್ಟಣದ ನೆತ್ತಿಯ ಮೇಲೆ ಇಲ್ಕ್ಲಿ ಮೂರ್ ಎಂಬ ಬೋಳು ಗುಡ್ಡಬಯಲಿದೆ. ಎತ್ತರ 402 ಮೀಟರ್; ಮರವಿಲ್ಲ, ಮರೆಯಿಲ್ಲ, ಗಾಳಿಗೆ ಬಿಡುವಿಲ್ಲ. ಟ್ರೈಪಾಡ್ ಹೊತ್ತು ಇದನ್ನು ಹತ್ತುವವರನ್ನು ಲೋಕ ಛಾಯಾಗ್ರಾಹಕರೆಂದು ಕರೆಯುತ್ತದೆ. ಇದು ಭ್ರಾಂತಿ. ಅವರು ರೋಗಿಗಳು. ಈ ಊರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರುವಾಸಿ ಮಾಡಿದ ತಣ್ಣೀರು ಚಿಕಿತ್ಸೆ ನಿಂತುಹೋಗಿಲ್ಲ, ಕ್ಯಾಮೆರಾದ ವೇಷ ತೊಟ್ಟು ಗುಡ್ಡ ಹತ್ತಿದೆ ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ಕಾಲಪ್ರಮಾಣ. ಗ್ರೇಫೆನ್‌ಬರ್ಗಿನ ಪ್ರೀಸ್‌ನಿಟ್ಸ್ ಹಬ್ಬಿಸಿದ ತಣ್ಣೀರು ಪದ್ಧತಿಯನ್ನು ಅನುಸರಿಸಿ ಇಲ್ಕ್ಲಿಯ ಮಗ್ಗುಲಲ್ಲಿ ಬೆನ್ ರೈಡಿಂಗ್ ಚಿಕಿತ್ಸಾಲಯ ತೆರೆದದ್ದು 1844ರಲ್ಲಿ. ಫಾಕ್ಸ್ ಟಾಲ್‌ಬಾಟ್ ತನ್ನ ಛಾಯಾಚಿತ್ರಗಳ ಪುಸ್ತಕವನ್ನು ಕಂತುಕಂತಾಗಿ ಹೊರತರಲು ತೊಡಗಿದ್ದೂ ಅದೇ 1844ರಲ್ಲಿ. ಇದು ಕಾಕತಾಳೀಯ ಎನ್ನುವವರುಂಟು. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲವೆಂದು ಸಾಧಿಸುವವರು ಯಾರೂ ಆ ಮರದ ಕೆಳಗೆ ನಿಂತವರಲ್ಲ.

ಇನ್ನು ಲಕ್ಷಣಸಾಮ್ಯ. ಇಲ್ಕ್ಲಿಯ ನೀರಿನಲ್ಲಿ ಬೇರೆ ಆರೋಗ್ಯಧಾಮಗಳಂತೆ ಗಂಧಕವಾಗಲಿ ಲವಣವಾಗಲಿ ಹೇಳಿಕೊಳ್ಳುವಷ್ಟಿರಲಿಲ್ಲ. ಅದರ ಮಹಿಮೆಯೆಲ್ಲ ಕೊರೆಯುವ ತಣ್ಣಗಿನದೇ. ಗುಡ್ಡದ ಅಂಚಿನಲ್ಲಿ ಬೆಳ್ಳಗೆ ಕಾಣುವ ವೈಟ್ ವೆಲ್ಸ್ ಸ್ನಾನಗೃಹಕ್ಕೆ ರೋಗಿಗಳನ್ನು ಕತ್ತೆಗಳ ಮೇಲೆ ಕೂರಿಸಿ ಒಯ್ದು ಮುಳುಗಿಸುತ್ತಿದ್ದರು; ಚಿಕಿತ್ಸಾಲಯಗಳಲ್ಲಿ ಒದ್ದೆ ದುಪ್ಪಟಿ ಸುತ್ತಿ ಮಲಗಿಸುತ್ತಿದ್ದರು. ಇಂದು ಛಾಯಾಗ್ರಾಹಕ ಅದೇ ದಾರಿಯಲ್ಲಿ ಹತ್ತುತ್ತಾನೆ. ಒದ್ದೆ ದುಪ್ಪಟಿಯ ಬದಲು ಒದ್ದೆ ಜಾಕೆಟ್. ಕತ್ತೆ ಮಾತ್ರ ಕಾಣುವುದಿಲ್ಲ. ಹೊರೆಯನ್ನು ಆತನೇ ಹೊತ್ತಿದ್ದಾನೆ. ಅಂದರೆ ರೋಗಿ ಬೇರೆ, ಕತ್ತೆ ಬೇರೆ ಎಂಬ ದ್ವೈತ ಅಳಿದು ಅದ್ವೈತ ಸಿದ್ಧಿಸಿದೆ.

ಆಪ್ತವಾಕ್ಯಕ್ಕೆ ಚಾರ್ಲ್ಸ್ ಡಾರ್ವಿನ್ ಸಾಕು. ಆತ 1859ರ ಅಕ್ಟೋಬರಿನಲ್ಲಿ ಚಿಕಿತ್ಸೆಗೆಂದು ಇಲ್ಕ್ಲಿಗೆ ಬಂದ. ಕಾಲು ಊದಿತು, ಮೈತುಂಬ ದದ್ದು, ಉರಿಯುವ ಕುರು. ನವೆಂಬರ್ 24ರಂದು ಜೀವಸಂಕುಲದ ಹುಟ್ಟಿನ ಕುರಿತ ಆತನ ಗ್ರಂಥ ಲಂಡನ್ನಿನಲ್ಲಿ ಪ್ರಕಟವಾಗಿ ಜಗತ್ತು ಅಲುಗಾಡುವಾಗ, ಗ್ರಂಥಕರ್ತ ಇಲ್ಲಿ ತಣ್ಣೀರಿನ ಪಥ್ಯದಲ್ಲಿದ್ದ. ಜಲವೈದ್ಯರು ಇಂಥ ಉಲ್ಬಣವನ್ನು ‘ಕ್ರೈಸಿಸ್’ ಎಂದು ಸ್ವಾಗತಿಸುತ್ತಿದ್ದರು: ರೋಗ ಹೊರಬೀಳುತ್ತಿದೆ, ಆದ್ದರಿಂದ ಎಷ್ಟು ಹದಗೆಟ್ಟರೆ ಅಷ್ಟು ವಾಸಿ. ಚಳಿಗೆ ಬ್ಯಾಟರಿ ಸತ್ತು, ಲೆನ್ಸಿಗೆ ಮಂಜು ಕವಿದು, ಬೆರಳು ಮರಗಟ್ಟಿದಾಗ ಛಾಯಾಗ್ರಾಹಕನ ಮುಖದ ಮೇಲೆ ಮೂಡುವ ವಿಚಿತ್ರ ತೃಪ್ತಿಯನ್ನು ಈ ತತ್ತ್ವವಲ್ಲದೆ ಬೇರಾವುದೂ ವಿವರಿಸಲಾರದು.

ಪೂರ್ವಪಕ್ಷ ಸುಮ್ಮನಿರುವುದಿಲ್ಲ. ಆಗಸ್ಟಿನಲ್ಲಿ ಹೆದರ್ ಗಿಡ ಹೂಬಿಟ್ಟು ಗುಡ್ಡವೆಲ್ಲ ನೇರಳೆಯಾಗುತ್ತದಲ್ಲ, ಅದನ್ನು ಹಿಡಿಯಲು ಬರುವವನು ಕಲಾವಿದನೇ ಅಲ್ಲವೆ? ಅಲ್ಲ. ಹತ್ತಿರದ ಹೂವೂ ದೂರದ ಕಣಿವೆಯೂ ಒಟ್ಟಿಗೆ ಸ್ಪಷ್ಟವಾಗಬೇಕೆಂದು ಆತ ಲೆನ್ಸಿನ ಕಿಂಡಿ ಕಿರಿದಾಗಿಸುತ್ತಾನೆ. ಕಿಂಡಿ ಕಿರಿದಾದರೆ ಶಟರ್ ನಿಧಾನವಾಗಬೇಕು. ಶಟರ್ ತೆರೆದಿರುವಷ್ಟೂ ಹೊತ್ತು ಹೂವು ಗಾಳಿಗೆ ತಲೆ ಅಲ್ಲಾಡಿಸಿ ಬೇಡ ಬೇಡ ಎನ್ನುತ್ತಿರುತ್ತದೆ. ಬಂದ ಚಿತ್ರದಲ್ಲಿ ಇರುವುದು ನೇರಳೆಯ ಒಂದು ಒರೆಸು. ಆಕಾಶದ ವಿಷಯದಲ್ಲಿ ಮಾತ್ರ ಈ ಊರು ಉದಾರಿ. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮರಳಿಸುವ ಬೂದು ಕಾರ್ಡನ್ನು ಬೇರೆಡೆ ದುಡ್ಡು ಕೊಟ್ಟು ಕೊಳ್ಳಬೇಕು. ಇಲ್ಲಿ ಅದನ್ನೇ ದಿಗಂತದಿಂದ ದಿಗಂತಕ್ಕೆ ಹಾಸಿದ್ದಾರೆ.

ಶಿಲಾಶಾಸ್ತ್ರವೂ ನಮ್ಮ ಪರವೇ. ಕೌ ಅಂಡ್ ಕಾಫ್ ಎಂಬ ದನಕರು ಬಂಡೆಗಳು ಮಿಲ್‌ಸ್ಟೋನ್ ಗ್ರಿಟ್ ಎಂಬ ಒರಟು ಮರಳುಗಲ್ಲಿನವು. ಸ್ಥಳಪುರಾಣದ ಪ್ರಕಾರ, ಸಿಟ್ಟಿಗೆದ್ದ ಹೆಂಡತಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದ ರೊಂಬಾಲ್ಡ್ ಎಂಬ ದೈತ್ಯ ಕಾಲಿಟ್ಟ ರಭಸಕ್ಕೆ ದನದಿಂದ ಕರು ಸೀಳಿತು. ಆಕೆಯ ಮಡಿಲಿನಿಂದ ಉದುರಿದ ಕಲ್ಲುಗಳು ಈಗಲೂ ಗುಡ್ಡದ ಮೇಲೆ ರಾಶಿ ಬಿದ್ದಿವೆ. ಸೂರ್ಯೋದಯಕ್ಕೆಂದು ನಡುರಾತ್ರಿಯ ಅಲಾರಂ ಇಟ್ಟು ಮನೆಮಂದಿಯನ್ನೆಲ್ಲ ಎಬ್ಬಿಸಿ ಹೊರಡುವವರು ಆ ಪರಂಪರೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಇತ್ತ ಸ್ವಸ್ತಿಕದ ಕಲ್ಲಿದೆ: ಇತಿಹಾಸಪೂರ್ವದ ಮೂಲ ಕೆತ್ತನೆ ಸವೆದು ಕಣ್ಣಿಗೇ ಹತ್ತದು, ಅದರ ಮುಂದೆ ಇಪ್ಪತ್ತನೆಯ ಶತಮಾನದ ನಕಲೊಂದು ಎದ್ದು ಕಾಣುತ್ತದೆ. ಬಂದವರು ನಕಲಿನ ಚಿತ್ರ ತೆಗೆದು, ಮೂಲದ ಮುಂದೆ ನಿಂತ ಧನ್ಯತೆಯಲ್ಲಿ ಇಳಿಯುತ್ತಾರೆ. ಮಾಯಾವಾದಕ್ಕೆ ಇಷ್ಟು ಗಟ್ಟಿಯಾದ ದೃಷ್ಟಾಂತ ನಮ್ಮ ಆಚಾರ್ಯರಿಗೂ ಸಿಕ್ಕಿರಲಿಲ್ಲ.

ಚಿತ್ರವೇ ಗುರಿಯಾಗಿದ್ದರೆ ಒಳ್ಳೆಯ ಚಿತ್ರಕ್ಕೆ ಹೆಸರು ಬರಬೇಕಿತ್ತು. ನಡೆದದ್ದು ಬೇರೆ. 1987ರ ಡಿಸೆಂಬರಿನಲ್ಲಿ ಮಾಜಿ ಪೊಲೀಸರೊಬ್ಬರು ಈ ಗುಡ್ಡದ ಮೇಲೆ ಅನ್ಯಗ್ರಹ ಜೀವಿಯನ್ನು ಕಂಡೆನೆಂದು ಒಂದು ಫೋಟೋ ತೋರಿಸಿದರು. ಮಬ್ಬು ಬೆಳಕು, ಕಾಳುಕಾಳಾದ ಫಿಲ್ಮು, ನಡುವೆ ಕೈಕಾಲಿನಂಥ ಏನೋ. ಫಿಲ್ಟರು, ಟ್ರೈಪಾಡ್, ತಾಳ್ಮೆ ಎಲ್ಲ ಸುರಿದು ತೆಗೆದ ಸ್ಫಟಿಕಸ್ಪಷ್ಟ ಸೂರ್ಯೋದಯಗಳು ಅಟ್ಟದ ಮೇಲಿವೆ. ಆ ಮಸುಕು ಆಕೃತಿಯ ಬಗ್ಗೆ ಈಗಲೂ ಜನ ಜಗಳವಾಡುತ್ತಾರೆ. ಸ್ಪಷ್ಟತೆ ಇಲ್ಲಿ ಪುರುಷಾರ್ಥವಲ್ಲ.

ಕೊನೆಗೆ ಟೋಪಿಯ ಪ್ರಶ್ನೆ. ಯಾರ್ಕ್‌ಶೈರಿನ ನಾಡಗೀತೆಯಂತಿರುವ ಹಾಡು ಈ ಇಲ್ಕ್ಲಿ ಮೂರ್ ಕುರಿತದ್ದೇ. ಧಾಟಿ ಕ್ಯಾಂಟರ್‌ಬರಿಯ ಚಮ್ಮಾರ ಥಾಮಸ್ ಕ್ಲಾರ್ಕ್ ಭಕ್ತಿಗೀತೆಗೆಂದು ಕಟ್ಟಿದ್ದು. ಟೋಪಿಯಿಲ್ಲದೆ ಇಲ್ಲಿ ಪ್ರಣಯಕ್ಕೆ ಹೋದವನಿಗೆ ಶೀತ ಹಿಡಿದು ಸಾವು, ಹೂಳಿದ ಮೇಲೆ ಹುಳು, ಹುಳುವಿಗೆ ಬಾತುಕೋಳಿ, ಬಾತುಕೋಳಿಗೆ ನಾವು ಎಂದು ಅದು ಕ್ರಮವಾಗಿ ವಿಧಿಸುತ್ತದೆ. ಛಾಯಾಗ್ರಾಹಕ ಪ್ರಣಯಿಯಲ್ಲ, ಒಂಟಿ; ಆದರೂ ಶೀತಕ್ಕೆ ಆ ಭೇದವಿಲ್ಲದ್ದರಿಂದ ವಿಧಿ ಆತನಿಗೂ ಅನ್ವಯಿಸುತ್ತದೆ. ದೇಹದ ಹಂಚಿಕೆ ಹೀಗೆ ಇತ್ಯರ್ಥವಾಯಿತು. ಕ್ಯಾಮೆರಾ, ಎರಡು ಲೆನ್ಸು ಮತ್ತು ಟ್ರೈಪಾಡ್ ಯಾರಿಗೆ ಸೇರಬೇಕೆಂದು ಮಾತ್ರ ಹಾಡು ಹೇಳುವುದಿಲ್ಲ. ಬಾತುಕೋಳಿಗಳು ಈವರೆಗೆ ಹಕ್ಕು ಮಂಡಿಸಿಲ್ಲ.